ಹನ್ನೊಂದು ತೊಟ್ಟಿಲು, ಮೂರನೆಯ ಮಾಳಿಗೆ

ಪೆಟ್ಟಿಗೆ ಕೆಟ್ಟಿರಲಿಲ್ಲ. ದಾಂಡೇಲಿಯಲ್ಲಿ ಆ ಕಾರ್ಖಾನೆಯ ಮಾತು ಬಂದರೆ ಹಳಬರು ಈಗಲೂ, ಬೆಂಕಿ ಗಂಟೆಯ ಪೆಟ್ಟಿಗೆ ಕೈಕೊಟ್ಟಿತು, ಅದನ್ನು ಕೂರಿಸಿದ ಫಿಟ್ಟರನಿಗೆ ಬುದ್ಧಿ ಇರಲಿಲ್ಲ ಎನ್ನುತ್ತಾರೆ. ಸುಳ್ಳು. ಪೆಟ್ಟಿಗೆ ತನಗೆ ಕಲಿಸಿದ ಹಾಗೆಯೇ ಬಾರಿಸಿತು. ಯಾವ ಮಾಳಿಗೆಯಲ್ಲಿ ಮೊದಲು ಬಾರಿಸಬೇಕೋ ಅಲ್ಲಿ ಮೊದಲು ಬಾರಿಸಿತು, ಎಲ್ಲಿ ತಡೆಯಬೇಕೋ ಅಲ್ಲಿ ತಡೆಯಿತು. ತಪ್ಪಿದವರು ನಾವು. ಹೇಳಬೇಕಾದ ಒಂದು ಮಾತನ್ನು ಹೇಳದೆ ಬಾಯಿ ಮುಚ್ಚಿಕೊಂಡು ಕೂತವಳು ನಾನು. ಆ ಫಿಟ್ಟರ್ ಈಗ ಬದುಕಿದ್ದಾನೋ ಇಲ್ಲವೋ ಗೊತ್ತಿಲ್ಲ. ಇದ್ದರೆ ಇದು ಅವನ ಕಿವಿಗೆ ಬೀಳಲಿ.

ಸೂಪಾದಲ್ಲಿ ಅಣೆಕಟ್ಟು ಏಳುತ್ತಿದ್ದ ಕಾಲ ಅದು. ನನ್ನ ತವರು ಮುಂಡಗೋಡ ತಾಲೂಕಿನ ಇಂದೂರ. ಎರಡನೆಯ ಇಯತ್ತೆಗೆ ಶಾಲೆ ಬಿಡಿಸಿ ಎಮ್ಮೆಯ ಹಿಂದೆ ಕಳಿಸಿದರು. ಗಂಡ ಸತ್ತ ಮೇಲೆ ಮಗಳನ್ನು ಕರೆದುಕೊಂಡು ದಾಂಡೇಲಿಗೆ ಬಂದೆ. ಶಾಲೆಯ ಮುಖವನ್ನೇ ಸರಿಯಾಗಿ ಕಾಣದ ನನಗೆ ಕೆಲಸ ಸಿಕ್ಕಿದ್ದು ಶಾಲೆಯ ಮಕ್ಕಳಿಗೆ ನೋಟ್‌ಬುಕ್ ಮಾಡುವ ಕಾರ್ಖಾನೆಯಲ್ಲಿ. ಅದು ಈಗ ಇಲ್ಲ. ಅದರ ಹೆಸರು ಹೇಳಿ ಯಾರಿಗೂ ಲಾಭವಿಲ್ಲ.

ಕಟ್ಟಡದ ರೀತಿ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನೆಲದ ಮಟ್ಟದಲ್ಲಿ ಕಾಗದದ ಉರುಳೆಗಳು, ಕತ್ತರಿಸುವ ಯಂತ್ರ, ಅಲ್ಲಿ ಗಂಡಸರು. ಅದರ ಮೇಲೆ ಒಂದನೆಯ ಮಾಳಿಗೆ, ಅಲ್ಲಿ ಗೆರೆ ಹೊಡೆಯುವ ಯಂತ್ರಗಳು. ಎರಡನೆಯ ಮಾಳಿಗೆಯಲ್ಲಿ ಹೊಲಿಗೆ ಮತ್ತು ಅಂಟಿನ ಕೆಲಸ, ನಲವತ್ತು ಹೆಂಗಸರು. ಮೂರನೆಯದರಲ್ಲಿ ಅರ್ಧ ಭಾಗ ಸಿದ್ಧವಾದ ನೋಟ್‌ಬುಕ್ಕುಗಳ ಗೋದಾಮು, ಇನ್ನರ್ಧ ಕೂಸಿನ ಖೋಲಿ. ಅದರ ಮೇಲೆ ಬರೀ ಗಚ್ಚಿ, ಬಯಲು ತಾರಸಿ. ಹತ್ತಲು ಇಳಿಯಲು ಇದ್ದದ್ದು ಒಂದೇ ಮೆಟ್ಟಿಲಸಾಲು, ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒರಗಿ ನಿಲ್ಲಬೇಕಾದಷ್ಟು ಕಿರಿದು. ಲಿಫ್ಟ್ ಇರಲಿಲ್ಲ. ದಿನಾ ಸಂಜೆ ಹೆಂಗಸರೆಲ್ಲ ಮೂರನೆಯ ಮಾಳಿಗೆಯಿಂದ ನೆಲದವರೆಗೆ ಮೆಟ್ಟಿಲ ಮೇಲೆ ಸಾಲು ನಿಂತು, ನೋಟ್‌ಬುಕ್ಕಿನ ಕಟ್ಟುಗಳನ್ನು ಕೈಯಿಂದ ಕೈಗೆ ದಾಟಿಸಿ ಲಾರಿಗೆ ತುಂಬುತ್ತಿದ್ದರು.

ಕೂಸಿನ ಖೋಲಿ ನನ್ನ ಕೆಲಸ. ನನ್ನ ಜೊತೆಗೆ ಹಳಿಯಾಳ ತಾಲೂಕಿನ ಒಂದು ಹಳ್ಳಿಯ ಸಿದ್ದಿ ಹೆಂಗಸು. ನನಗಿಂತ ಹತ್ತು ವರ್ಷ ಚಿಕ್ಕವಳು, ಎರಡರಷ್ಟು ಬಲ, ನಾಲ್ಕರಷ್ಟು ಬಾಯಿ. ತೊಲೆಗೆ ಹಳೆಯ ಸೀರೆ ಕಟ್ಟಿ ಮಾಡಿದ ಹನ್ನೊಂದು ತೊಟ್ಟಿಲು, ಹನ್ನೊಂದು ಕೂಸು. ಎಂಟು ತಾಯಂದಿರು ಎರಡನೆಯ ಮಾಳಿಗೆಯಲ್ಲಿ, ಮೂವರು ಒಂದನೆಯದರಲ್ಲಿ. ಹನ್ನೊಂದರಲ್ಲಿ ಒಂದು ಕೂಸು ನನ್ನ ಮಗಳದೇ, ಆರು ತಿಂಗಳ ಹೆಣ್ಣು. ಮಗಳು ಎರಡನೆಯ ಮಾಳಿಗೆಯಲ್ಲಿ ಹೊಲಿಗೆ ಹಾಕುತ್ತಿದ್ದಳು.

ಕೂಸುಗಳನ್ನು ತುದಿಗೆ ಯಾಕೆ ಇಟ್ಟಿದ್ದರು? ಸೂಪರ್‌ವೈಸರನನ್ನು ಕೇಳಿದ್ದೆ.

"ಮ್ಯಾಲ ಗಾಳಿ ಛೊಲೋ ಬರ್ತೈತಿ. ಮತ್ತ ಅಳೂದು ಕೆಳಗ ಕೇಳಂಗಿಲ್ಲ" ಅಂದ. ಎರಡನೆಯದೇ ನಿಜವಾದ ಕಾರಣ.

ಮೊದಲು ಇಡೀ ಕಟ್ಟಡಕ್ಕೆ ಒಂದೇ ಬೆಂಕಿ ಗಂಟೆ ಇತ್ತು. ಒಂದು ದಿನ ಕೆಳಗಿನ ರದ್ದಿ ರಾಶಿಯಲ್ಲಿ ಯಾರದೋ ಬೀಡಿ ಬಿದ್ದು ಹೊಗೆಯಾಯಿತು. ಗಂಟೆ ಹೊಡೆದರು. ಎಲ್ಲ ಮಾಳಿಗೆಗಳ ಜನ ಒಮ್ಮೆಗೇ ಮೆಟ್ಟಿಲಿಗೆ ಬಿದ್ದರು. ಒಬ್ಬ ಬಸುರಿ ಜಾರಿದಳು, ಅವಳನ್ನು ತುಳಿದುಕೊಂಡೇ ಜನ ಇಳಿದರು. ಅವಳು ಉಳಿದಳು, ಹೊಟ್ಟೆಯಲ್ಲಿದ್ದದ್ದು ಉಳಿಯಲಿಲ್ಲ. ಅವತ್ತು ನಾವಿಬ್ಬರೂ ಕೂಸುಗಳನ್ನು ಹಿಡಿದುಕೊಂಡು ಖೋಲಿಯ ಬಾಗಿಲಿನ ಹಿಂದೆ ಕೂತಿದ್ದೆವು. ಇಳಿಯಲು ಜಾಗವೇ ಇರಲಿಲ್ಲ. ಕೆಳಗಿನ ಕೂಗಾಟ ಕೇಳುತ್ತಿತ್ತು, ಏನಾಗಿದೆ ಎಂದು ಗೊತ್ತಿರಲಿಲ್ಲ. ಹೊಗೆ ಮೇಲೆ ಬರುತ್ತದೆಯೋ ಎಂದು ಬಾಗಿಲಿನ ಸಂದಿಯನ್ನೇ ನೋಡುತ್ತಿದ್ದೆ. ಬರಲಿಲ್ಲ. ಆದರೆ ಅವತ್ತಿನಿಂದ ಆ ಸಂದಿಯನ್ನು ನೋಡುವ ಚಟ ನನಗೆ ಅಂಟಿತು. ಕೂಸಿಗೆ ಹಾಲು ಕುಡಿಸುವಾಗಲೂ ಒಂದು ಕಣ್ಣು ಬಾಗಿಲಿನ ಕೆಳಗೇ ಇರುತ್ತಿತ್ತು.

ಆಮೇಲೆ ಮಾಲೀಕರು ಕೊಲ್ಲಾಪುರದ ಕಡೆಯಿಂದ ಒಬ್ಬ ಫಿಟ್ಟರನನ್ನು ಕರೆಸಿದರು. ನಲವತ್ತರ ಆಸುಪಾಸಿನ ಮರಾಠಿ ಮನುಷ್ಯ. ಕನ್ನಡ ಕಲಿತದ್ದು ಬೆಳಗಾವಿಯಲ್ಲಂತೆ. ಪ್ರತಿ ಮಾಳಿಗೆಯ ಮಾಡಿಗೆ ಹೊಗೆ ಹಿಡಿಯುವ ಬಿಳಿ ಬಟ್ಟಲುಗಳನ್ನು ಕೂರಿಸಿದ, ಪ್ರತಿ ಮಾಳಿಗೆಗೂ ಬೇರೆ ಬೇರೆ ಗಂಟೆ ಹಾಕಿದ. ನೆಲದ ಮಟ್ಟದಲ್ಲಿ, ಗೋಡೆಗೆ, ದೇವರ ಮಾಡದಷ್ಟು ದೊಡ್ಡ ಕಬ್ಬಿಣದ ಪೆಟ್ಟಿಗೆ. ಅದರೊಳಗೆ ಸಾಲು ಸಾಲು ತೂತು, ತೂತಿಗೆ ಚುಚ್ಚಲು ಹಿತ್ತಾಳೆಯ ಮೊಳೆಗಳು. ನಾನು ಕೆಳಗೆ ನೀರು ತರಲು ಹೋದಾಗಲೆಲ್ಲ ಅವನು ಪೆಟ್ಟಿಗೆಯ ಮುಂದೆ ಎಲೆಯಡಿಕೆ ಜಗಿಯುತ್ತ ಒಂದು ಮೊಳೆ ಕೀಳುತ್ತಿದ್ದ, ಒಂದು ಚುಚ್ಚುತ್ತಿದ್ದ.

"ಇದೇನ್ ಚೌಕಾಬಾರಾ ಆಡ್ಲಿಕ್ಕತ್ತೀರಿ?" ಎಂದು ಒಂದು ದಿನ ಕೇಳಿದೆ.

"ಹಂಗs ಅನ್ರಿ ಮಾವಶಿ" ಎಂದು ನಕ್ಕ. "ಇಲ್ಲಿ ನೋಡ್ರಿ. ಈ ಅಡ್ಡ ಸಾಲು ಅಂದ್ರ ಹೊಗಿ ಎಲ್ಲಿ ಎದ್ದೈತಿ ಅನ್ನೂದು. ಈ ಉದ್ದ ಸಾಲು ಅಂದ್ರ ಯಾವ ಮಾಳಗಿ ಗಂಟಿ ಬಾರಿಸ್ಬೇಕು ಅನ್ನೂದು. ಮೊಳಿ ಚುಚ್ಚಿದಲ್ಲಿ ಅದಕ್ಕ ಇದು ಗಂಟು ಬಿತ್ತು."

"ಎಲ್ಲಾ ಒಮ್ಮೆ ಬಾರಿಸಿ ಬಿಡ್ರಿ. ಇಷ್ಟ್ಯಾಕ ಬಿನ್ನಾಣ?"

"ಎಲ್ಲಾ ಒಮ್ಮೆ ಬಾರಿಸೇ ಆ ಬಸುರಿ ಹೆಂಗಸಿಗೆ ಆತಲ್ರಿ." ನಗು ಹೋಯಿತು. "ಊರೂಟದಾಗ ಎಲ್ಲಾರ್ನೂ ಒಂದs ಪಂಗ್ತಿಗೆ ಕುಂದ್ರಸ್ತೀರೇನು? ಒಂದು ಪಂಗ್ತಿ ಏಳಬೇಕು, ಇನ್ನೊಂದು ಕುಂದ್ರಬೇಕು. ಹೊಗಿ ಎದ್ದ ಮಾಳಗಿಗೆ ಮತ್ತ ಅದರ ಮ್ಯಾಲಿನ ಮಾಳಗಿಗೆ ಮೊದಲ ಗಂಟಿ. ಅವರು ಇಳದ ಹೋಗ್ಬೇಕು. ನಾಕು ಮಿನಿಟು ಬಿಟ್ಟು ಉಳಿದವ್ರಿಗೆ. ಕೆಳಗಿನವ್ರು ಸುಮ್ನ ಕುಂತಿರ್ಬೇಕು. ಅಂದ್ರ ನಿಮ್ಮ ಮೆಟ್ಲ ಖಾಲಿ."

ಊಟದ ಪಂಗ್ತಿಯ ಮಾತು ನನಗೆ ತಿಳಿಯಿತು. ಹೊಗೆ ಮೇಲಕ್ಕೆ ಏರುವುದು ಒಲೆ ಹಚ್ಚಿದವರಿಗೆಲ್ಲ ಗೊತ್ತು. ಆದ್ದರಿಂದ ಮೇಲಿನವರಿಗೆ ಮೊದಲು ಹೇಳಬೇಕು. ಮೆಟ್ಟಿಲು ಖಾಲಿ ಇರುತ್ತದೆ ಎಂಬ ಮಾತಿಗೆ ಎಷ್ಟೋ ದಿನಗಳ ಮೇಲೆ ಎದೆ ಸ್ವಲ್ಪ ಸಡಿಲವಾಯಿತು. ಅವನು ಒಂದೊಂದು ಬಟ್ಟಲಿಗೆ ಊದುಬತ್ತಿಯ ಹೊಗೆ ಹಿಡಿದು ನೋಡುತ್ತಿದ್ದ. ಯಾವ ಗಂಟೆ ಬಾರಿಸಿತು, ಯಾವುದು ಸುಮ್ಮನಿತ್ತು ಎಂದು ನಾನು ಮೆಟ್ಟಿಲ ತುದಿಯಿಂದ ಕೂಗಿ ಹೇಳುತ್ತಿದ್ದೆ. ಅವನು ಕೆಳಗೆ ಮೊಳೆ ಬದಲಿಸುತ್ತಿದ್ದ. ಹಾಗೆ ಎಂಟು ದಿನ.

ಆ ಎಂಟು ದಿನ ಕೂಸುಗಳಿಗೆ ನರಕ. ಗಂಟೆ ಸಣ್ಣದಲ್ಲ, ಅದರ ಸದ್ದು ಹಲ್ಲಿನೊಳಗೆ ಹೊಕ್ಕುತ್ತಿತ್ತು. ಬಾರಿಸಿದ ಕೂಡಲೇ ಹನ್ನೊಂದೂ ಒಟ್ಟಿಗೆ ಕಿರುಚುತ್ತಿದ್ದವು. ಒಂದು ಕೂಸು ಅತ್ತು ಅತ್ತು ಉಸಿರು ಹಿಡಿದು ನೀಲಿಯಾಗುತ್ತಿತ್ತು; ನನ್ನ ಜೊತೆಯವಳು ಅದರ ಮುಖಕ್ಕೆ ಊದುತ್ತಿದ್ದಳು. ಕೆಳಗೆ ಹೊಲಿಗೆಯ ಹೆಂಗಸರು ಸೂಜಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ಮಾಡಿನತ್ತ ನೋಡುತ್ತಿದ್ದರಂತೆ. ಮಗಳು ಬೆರಳಿಗೆ ಸೂಜಿ ಚುಚ್ಚಿಕೊಂಡಳು, ಎರಡು ಸಲ.

ಕೊನೆಗೆ ಒಂದು ದಿನ ತಾಲೀಮು ಎಂದು ಗೊತ್ತು ಮಾಡಿದರು. ಎರಡನೆಯ ಮಾಳಿಗೆಯಲ್ಲಿ ಬೆಂಕಿ ಬಿದ್ದಿದೆ ಎಂದು ಸುಳ್ಳು ಹೊಗೆ ಹಿಡಿಯುವುದು, ಎರಡನೆಯ ಮತ್ತು ಮೂರನೆಯ ಮಾಳಿಗೆಗಳಲ್ಲಿ ಗಂಟೆ ಬಾರಿಸುವುದು, ನಾವು ಇಳಿಯುವುದು. ಹನ್ನೊಂದು ಕೂಸು, ಇಬ್ಬರು ಹೆಂಗಸರು, ಹೇಗೆ ಇಳಿಸುವುದು? ದಾರಿ ಹುಡುಕಿದವಳು ನನ್ನ ಜೊತೆಯವಳು. ಅವಳ ಅತ್ತೆ ಹೊಲಿದ ಎರಡು ದಪ್ಪ ಕೌದಿ ತಂದಳು. ಕೌದಿ ಹಾಸಿ, ನಡುವೆ ನಾಲ್ಕೈದು ಕೂಸು ಮಲಗಿಸಿ, ನಾಲ್ಕು ಮೂಲೆ ಒಟ್ಟು ಮಾಡಿ ಗಂಟು ಹಾಕಿ, ಒಬ್ಬೊಬ್ಬರು ಒಂದೊಂದು ಗಂಟನ್ನು ಎದೆಗೆ ತಬ್ಬಿಕೊಂಡು ಇಳಿಯುವುದು. ಉಳಿದ ಒಂದೆರಡನ್ನು ಬೆನ್ನಿಗೆ ಕಟ್ಟಿಕೊಳ್ಳುವುದು.

ಆದರೆ ತಾಯಂದಿರು ಕೇಳಲಿಲ್ಲ. ತಾಲೀಮಿನ ಹಿಂದಿನ ದಿನ ಮಧ್ಯಾಹ್ನ ಹಾಲು ಕುಡಿಸಲು ಬಂದವರೆಲ್ಲ ತಿರುಗಿ ಬಿದ್ದರು.

"ಸುಳ್ಳ ಬೆಂಕಿ ಅಂತ ಹೇಳಿ ಕೂಸು ಎತ್ಕೊಂಡು ಓಡೂದು ಅಂದ್ರ ಏನು? ಆಡಿದ್ದು ಆಗ್ತೈತಿ. ನನ್ನ ಕೂಸು ಕೊಡಂಗಿಲ್ಲ" ಎಂದಳು ಒಬ್ಬಳು.

"ಹೆಣದ ಆಟ ಆಡಿದ್ರ ಹೆಣ ಬೀಳ್ತೈತಿ ಅಂತಿದ್ಲು ನಮ್ಮಜ್ಜಿ" ಎಂದಳು ಇನ್ನೊಬ್ಬಳು.

ನನ್ನ ಮಗಳೂ ಅವರ ಕಡೆಗೇ. "ಬ್ಯಾಡ ಯವ್ವಾ. ನಂದೂ ಬ್ಯಾಡ."

ನನಗೂ ಒಳಗೊಳಗೇ ಹಾಗೇ ಅನ್ನಿಸಿತ್ತು, ಸುಳ್ಳು ಹೇಳುವುದಿಲ್ಲ. ಇಂದೂರಿನಲ್ಲಿ ನಾವು ಆಟಕ್ಕೂ ಮನೆಗೆ ಬೆಂಕಿ ಬಿತ್ತು ಎಂದು ಕೂಗಿದರೆ ಬಾಯಿಗೆ ಹೊಡೆತ ಬೀಳುತ್ತಿತ್ತು. ಆಗ ನಾನೇ ಆ ಮಾತು ಹೇಳಿದೆ: "ಕೂಸು ಬ್ಯಾಡ. ಕೂಸಿನ ಭಾರದ್ದು ನೋಟ್‌ಬುಕ್ಕಿನ ಕಟ್ಟು ಅದಾವಲ್ಲ, ಅವನ್ನ ಕೌದ್ಯಾಗ ಹಾಕ್ಕೊಂಡು ಇಳೀತೇವಿ. ಭಾರ ಭಾರನs."

ಎಲ್ಲರಿಗೂ ಒಪ್ಪಿಗೆಯಾಯಿತು. ತಾಲೀಮಿನ ಬೆಳಿಗ್ಗೆ ಕೂಸುಗಳನ್ನು ಮನೆಯಲ್ಲೇ ಬಿಟ್ಟು ಬಂದರು. ಗಂಟೆ ಬಾರಿಸಿತು. ಎರಡನೆಯ ಮಾಳಿಗೆಯ ನಲವತ್ತು ಹೆಂಗಸರು ಮದುವೆಗೆ ಹೊರಟಂತೆ ಒಬ್ಬರ ಹಿಂದೆ ಒಬ್ಬರು ಇಳಿದರು. ಅವರ ಹಿಂದೆ ನಾವಿಬ್ಬರು, ಎದೆಯ ಮೇಲೆ ಕೌದಿಯ ಗಂಟು, ಒಳಗೆ ನೋಟ್‌ಬುಕ್ಕು. ಒಂದನೆಯ ಮಾಳಿಗೆಯವರು ಯಂತ್ರದ ಮುಂದೆ ಕೂತು ನಮ್ಮನ್ನು ನೋಡಿ ನಕ್ಕರು. ಮೆಟ್ಟಿಲು ಖಾಲಿ. ನೆಲ ಮುಟ್ಟಿದಾಗ ಉಳಿದ ಗಂಟೆಗಳು ಇನ್ನೂ ಬಾರಿಸಿರಲಿಲ್ಲ. ಫಿಟ್ಟರ್ ಗಡಿಯಾರ ನೋಡಿ ಸೂಪರ್‌ವೈಸರನ ಬೆನ್ನು ತಟ್ಟಿದ.

ಕೌದಿ ಬಿಚ್ಚುತ್ತ ನನ್ನ ಜೊತೆಯವಳು ಮೆಲ್ಲಗೆ ಹೇಳಿದಳು: "ನೋಟ್‌ಬುಕ್ಕಿಗೆ ಅವ್ವ ಇರೂದಿಲ್ಲ, ಅಕ್ಕಾ."

"ಅಂದ್ರ?"

"ಅಂದ್ರ ಏನಿಲ್ಲ. ಆ ಎಂಟು ಮಂದಿ ಕೆಳಗ ಇಳದ್ರಲ್ಲ, ಮ್ಯಾಲ ತಮ್ಮ ಕೂಸು ಇದ್ದಿದ್ರ ಇಳೀತಿದ್ರೇನು ಅಂತ."

ನನಗೆ ಕೂಡಲೇ ಅರ್ಥವಾಯಿತು. ಕತ್ತರಿಸುವ ಯಂತ್ರದ ಹತ್ತಿರ ನಿಂತಿದ್ದ ಫಿಟ್ಟರನಿಗೂ ನನಗೂ ಹತ್ತು ಹೆಜ್ಜೆ ದೂರ. ಹೋಗಿ ಹೇಳಬಹುದಿತ್ತು. ಹೇಳಿದರೆ ಮತ್ತೆ ಮೊಳೆ ಕೀಳಬೇಕು, ಮತ್ತೆ ಎಂಟು ದಿನ ಗಂಟೆ, ಮತ್ತೆ ಆ ಕೂಸು ನೀಲಿಯಾಗಬೇಕು. ಅದಲ್ಲದೆ ನೋಟ್‌ಬುಕ್ಕಿನ ಮಾತು ಎತ್ತಿದವಳು ನಾನು. ದೊಡ್ಡವರ ಮುಂದೆ ನನ್ನ ಮಾತನ್ನು ನಾನೇ ನುಂಗಬೇಕು.

"ಬಾಯಿ ಮುಚ್ಚು" ಎಂದೆ ಅವಳಿಗೆ. "ಅಪಶಕುನ ನುಡೀಬ್ಯಾಡ."

ಫಿಟ್ಟರ್ ಪೆಟ್ಟಿಗೆಗೆ ಬೀಗ ಹಾಕಿ ಊರಿಗೆ ಹೋದ.

ಆಮೇಲಿನ ದಿನಗಳು ಹೇಗೆ ಹೋದವು ಎಂದರೆ, ನನಗೆ ಮೆಟ್ಟಿಲು ಕಂಡರೆ ಭಯ. ಹಾಲಿನ ಹೊತ್ತಿಗೆ ತಾಯಂದಿರು ದಡದಡ ಹತ್ತಿ ಬರುವ ಸದ್ದು ಕೇಳಿದರೆ ಎದೆ ಹಾರುತ್ತಿತ್ತು. ಬೆಳಿಗ್ಗೆ ಹತ್ತಕ್ಕೊಮ್ಮೆ, ಮಧ್ಯಾಹ್ನ ಮೂರಕ್ಕೊಮ್ಮೆ ಹತ್ತಿ ಹತ್ತಿ ಅವರ ಕಾಲಿಗೆ ಆ ಮೆಟ್ಟಿಲು ಬಾಯಿಪಾಠ. ಇವರು ಹೀಗೆ ಹತ್ತುವಾಗ ನಾವು ಇಳಿದರೆ? ಕೂಸಿನ ಗಂಟು ಹಿಡಿದವಳಿಗೆ ಕೆಳಗಿನ ಮೆಟ್ಟಿಲು ಕಾಣುವುದಿಲ್ಲ. ಒಬ್ಬಳು ಎಡವಿದರೆ ಐದು ಕೂಸು. ಎಂದೋ ಒಂದು ದಿನ ಹೇಳೋಣ, ನಾಳೆ ಹೇಳೋಣ ಎಂದುಕೊಂಡೆ. ಹೇಳಲಿಲ್ಲ. ಭಯವಿದ್ದವರು ಬೇಗ ಬಾಯಿ ಬಿಡುತ್ತಾರೆ ಎಂದು ಜನ ತಿಳಿಯುತ್ತಾರೆ. ಹಾಗಿಲ್ಲ. ಬಾಯಿಗೆ ಮೊದಲು ಬೀಗ ಹಾಕುವುದು ಭಯವೇ.

ಅದು ಆದದ್ದು ಮಧ್ಯಾಹ್ನ, ಊಟವಾದ ಮೇಲೆ. ಎರಡನೆಯ ಮಾಳಿಗೆಯಲ್ಲಿ ಮೈದಾ ಅಂಟು ಕುದಿಸುವ ಸೀಮೆಎಣ್ಣೆಯ ಸ್ಟೌ ಉರುಳಿತು. ಪಕ್ಕದಲ್ಲೇ ಕಾಗದದ ಚೂರುಗಳ ರಾಶಿ. ನಮಗೆ ಮೇಲೆ ಅದೇನೂ ಗೊತ್ತಿಲ್ಲ. ಕೂಸುಗಳು ಮಲಗಿದ್ದವು, ನಾನು ಒದ್ದೆ ಬಟ್ಟೆ ಹಿಂಡುತ್ತಿದ್ದೆ. ಗಂಟೆ ಬಾರಿಸಿತು.

ಒಂದು ಗಳಿಗೆ ಇದು ಪರೀಕ್ಷೆ ಎಂದುಕೊಂಡೆ. ಆಮೇಲೆ ಫಿಟ್ಟರ್ ಊರಲ್ಲಿಲ್ಲ ಎಂಬುದು ನೆನಪಾಯಿತು. ಬಾಗಿಲಿನ ಕೆಳಗೆ ನೋಡಿದೆ. ಏನೂ ಇಲ್ಲ. ಮತ್ತೆ ನೋಡಿದೆ. ಸಂದಿಯಿಂದ ಬೂದು ಬಣ್ಣದ ಎಳೆಯೊಂದು ನೆಲ ಹಿಡಿದು ಒಳಗೆ ಬರುತ್ತಿತ್ತು.

"ಕೌದಿ!" ಎಂದು ಕೂಗಿದೆ.

ನನ್ನ ಜೊತೆಯವಳು ಆಗಲೇ ಹಾಸಿದ್ದಳು. ಹನ್ನೊಂದೂ ಕಿರುಚುತ್ತಿವೆ. ನಾನು ಬಾಗಿಲಿನ ಹತ್ತಿರದ ಕೂಸಿನಿಂದ ಸುರು ಮಾಡಬೇಕಿತ್ತು, ನಾವು ಮಾತಾಡಿಕೊಂಡಿದ್ದು ಹಾಗೆ. ಮಾಡಲಿಲ್ಲ. ಖೋಲಿ ದಾಟಿ, ಕಿಟಕಿಯ ಹತ್ತಿರದ ತೊಟ್ಟಿಲಿಗೆ ಹೋಗಿ, ಮೊದಲು ನನ್ನ ಮೊಮ್ಮಗಳನ್ನು ಎತ್ತಿಕೊಂಡೆ. ಈಗ ಇದನ್ನು ಕೇಳಿ ಯಾರು ಏನೆಂದರೂ ಅನ್ನಲಿ. ಎತ್ತಿಕೊಂಡೆ. ನಾನು ಬೆನ್ನು ತಿರುಗಿಸಿದ್ದ ಆ ಹೊತ್ತಿನಲ್ಲಿ ಬಾಗಿಲಿನಿಂದ ಯಾರೋ ಒಳಗೆ ಬಂದು ಹೋದಂತೆ ಗಾಳಿ ಆಡಿತು. ಯಾರೆಂದು ನೋಡಲಿಲ್ಲ, ಜೊತೆಯವಳೂ ಕೌದಿಯ ಮೇಲೆ ಬಗ್ಗಿದ್ದಳು.

ಮೊಮ್ಮಗಳನ್ನು ಬೆನ್ನಿಗೆ ಕಟ್ಟಿ, ನಾಲ್ಕು ಕೂಸುಗಳ ಗಂಟು ಎದೆಗೆ ಹಿಡಿದು ಮೆಟ್ಟಿಲಿಗೆ ಬಂದೆ. ಐದು ಮೆಟ್ಟಿಲು ಇಳಿದಿರಬೇಕು. ಕೆಳಗಿನಿಂದ ಅವರು ಬಂದರು. ಎರಡನೆಯ ಮಾಳಿಗೆಯ ತಾಯಂದಿರು, ತಮ್ಮ ಬಾಗಿಲಿನ ಹೊಗೆಯನ್ನೇ ಸೀಳಿಕೊಂಡು, ಉಳಿದವರ ಹಾಗೆ ಕೆಳಗೆ ಇಳಿಯುವುದು ಬಿಟ್ಟು ಮೇಲೆ. ಅವರ ಹಿಂದೆ ಒಂದನೆಯ ಮಾಳಿಗೆಯ ಮೂವರು. ಅವರ ಗಂಟೆ ಇನ್ನೂ ಬಾರಿಸಿಯೇ ಇಲ್ಲ, ಆದರೆ ತಲೆಯ ಮೇಲೆ ಬಾರಿಸುವುದು ಯಾವ ತಾಯಿಯ ಕಿವಿಗೆ ಬೀಳುವುದಿಲ್ಲ? ಎಲ್ಲರಿಗಿಂತ ಮುಂದೆ ನನ್ನ ಮಗಳು. ಸೆರಗು ಹೋಗಿದೆ, ಕಣ್ಣು ನನ್ನ ಮೇಲಿಲ್ಲ, ನನ್ನ ಹಿಂದಿನ ಬಾಗಿಲಿನ ಮೇಲೆ.

"ಸರೀ ಯವ್ವಾ! ಸರೀ!"

"ನಿನ್ನ ಕೂಸು ನನ್ನ ಬೆನ್ನ ಮ್ಯಾಗ ಐತಿ! ಇಳಿ!"

ಕೇಳಿಸಲಿಲ್ಲ. ಗಂಟೆಯ ಸದ್ದಿನಲ್ಲಿ, ಹನ್ನೊಂದರ ಅಳುವಿನಲ್ಲಿ ಯಾರ ಮಾತು ಯಾರಿಗೆ ಕೇಳುತ್ತದೆ? ಅವಳು ನನ್ನ ಕೈಯ ಗಂಟಿಗೆ ಬಂದು ತಾಗಿದಳು, ನಾನು ಒಂದು ಹೆಜ್ಜೆ ವಾಲಿದೆ. ಆಗ ನಾನು ನನ್ನ ಮಗಳ ಎದೆಗೆ ಕಾಲು ಕೊಟ್ಟು ತಳ್ಳಿದೆ. ಅವಳು ಹಿಂದಿನವರ ಮೇಲೆ ಬಿದ್ದಳು. ಒಬ್ಬಳ ಮಣಿಕಟ್ಟು ಕಟಕ್ಕನೆ ಮುರಿಯಿತು. ಹಿಂದಿನ ಸಲದ ಬಸುರಿ ನನ್ನ ಕಣ್ಣ ಮುಂದೆ ಬಂದಳು. ಇನ್ನೊಂದು ನೂಕು ಬಂದರೆ ಎಲ್ಲರೂ ಒಂದರ ಮೇಲೊಂದು. ಮೇಲೆ ಹೋಗಲಾಗದು, ಕೆಳಗೆ ಬರಲಾಗದು, ಹೊಗೆ ನಡುವೆ.

ಏನು ಕೂಗಬೇಕು ಎಂದು ಯೋಚಿಸಿ ಕೂಗಿದ್ದಲ್ಲ. ದಿನಾ ಸಂಜೆ ಲಾರಿ ಬಂದಾಗ ಮೆಟ್ಟಿಲ ತುದಿಯಿಂದ ಕೂಗಿ ಕೂಗಿ ನಾಲಿಗೆಗೆ ಹತ್ತಿದ ಮಾತು ತಾನಾಗಿ ಬಂತು.

"ಸಾಲ್ ಹಿಡೀರಿ! ಲಾರಿ ಬಂದೈತಿ, ಸಾಲ್ ಹಿಡೀರಿ!"

ಲಾರಿ ಎಲ್ಲಿಯದು? ಆದರೆ ಆ ಕೂಗಿಗೆ ಅವರ ಬೆನ್ನುಗಳು ತಾವಾಗಿ ಗೋಡೆಗೆ ಹೋದವು. ಮಗಳ ಬೆನ್ನೂ. ಕೈಗಳು ಮುಂದೆ ಬಂದವು. ನಾನು ಗಂಟು ಬಿಚ್ಚಿ ಮೊದಲ ಕೂಸನ್ನು ಮಗಳ ಕೈಗೆ ಕೊಟ್ಟೆ. ಅದು ಅವಳದಲ್ಲ, ಯಾರದೋ. ಒಂದು ಗಳಿಗೆ ಅವಳು ಅದರ ಮುಖ ನೋಡಿದಳು, ನನ್ನ ಮುಖ ನೋಡಿದಳು.

"ದಾಟ್ಸ!" ಎಂದೆ.

ದಾಟಿಸಿದಳು. ಎರಡು ಮೆಟ್ಟಿಲು ಇಳಿದು ಮುಂದಿನವಳಿಗೆ, ಅವಳು ಇನ್ನೊಬ್ಬಳಿಗೆ. ತಮ್ಮ ಕೂಸು ಕೈಗೆ ಬಂದರೂ ಯಾರೂ ಹಿಡಿದುಕೊಂಡು ಓಡಲಿಲ್ಲ, ಹಿಂದಿನದಕ್ಕೆ ಕೈ ಬೇಕಿತ್ತು. ಎರಡನೆಯ ಮಾಳಿಗೆಯ ಬಾಗಿಲಿನ ಮುಂದೆ ಹೊಗೆಯ ನಡುವೆ ನಿಂತವಳು ಮುಖಕ್ಕೆ ಸೆರಗು ಕಚ್ಚಿಕೊಂಡು, ಕಣ್ಣು ಮುಚ್ಚಿಕೊಂಡೇ ತೆಗೆದುಕೊಂಡು ಕಣ್ಣು ಮುಚ್ಚಿಕೊಂಡೇ ಕೊಡುತ್ತಿದ್ದಳು. ಕೆಳಗಿನಿಂದ ಗಂಡಸರೂ ತಮ್ಮ ಗಂಟೆಗೆ ಕಾಯದೆ ಬಂದರು. ಕೆಲವರು ಸಾಲಿಗೆ ನಿಂತರು, ಕೆಲವರು ಮರಳಿನ ಬಕೆಟ್ ಹಿಡಿದು ಒಳಗೆ ಹೋದರು. ಖೋಲಿಯಿಂದ ನನ್ನ ಜೊತೆಯವಳು ಕೂಸು ತಂದು ತಂದು ಕೊಡುತ್ತ ಎಣಿಸುತ್ತಿದ್ದಳು. ಕೊನೆಗೆ ನನ್ನ ಬೆನ್ನಿನದನ್ನೂ ಬಿಚ್ಚಿ ದಾಟಿಸಿದೆ.

"ಹತ್ತು" ಎಂದಳು ಜೊತೆಯವಳು. ಒಳಗೆ ಹೋದಳು. ಬರಿಗೈಯಲ್ಲಿ ಬಂದಳು. "ಅಕ್ಕಾ, ಒಂದು ತೊಟ್ಲ ಖಾಲಿ ಐತಿ."

ಬಾಗಿಲಿನ ಹತ್ತಿರದ್ದು. ನಾನು ಮೊದಲು ಎತ್ತಬೇಕಿದ್ದದ್ದು. ಇಬ್ಬರೂ ನೆಲದ ಮೇಲೆ ಕೈಯಾಡಿಸಿ ಹುಡುಕಿದೆವು. ತೊಟ್ಟಿಲುಗಳ ಕೆಳಗೆ, ಗೋದಾಮಿನಲ್ಲಿ ನೋಟ್‌ಬುಕ್ಕಿನ ಕಟ್ಟುಗಳ ಸಂದಿಯಲ್ಲಿ. ನನ್ನ ಕೈಗೆ ಮೆತ್ತಗೆ ಏನೋ ಸಿಕ್ಕಿತು, ಒದ್ದೆ ಬಟ್ಟೆ. ಆ ಬಟ್ಟೆ ಮುಟ್ಟಿದಾಗ ಬಂದ ಭಯ ನನ್ನ ಜನ್ಮದಲ್ಲಿ ಮತ್ತೆ ಬಂದಿಲ್ಲ, ಗಂಡ ಸತ್ತಾಗಲೂ ಬಂದಿರಲಿಲ್ಲ.

"ಗಚ್ಚಿ ಬಾಗ್ಲಾ ತಗದೈತಿ!" ಎಂದು ಜೊತೆಯವಳು ಮೇಲೆ ಓಡಿದಳು.

ಗಚ್ಚಿಯ ಮೇಲೆ, ಮೋಟುಗೋಡೆಯ ಹತ್ತಿರ, ಆ ಕೂಸಿನ ತಾಯಿ, ಸೂಪಾ ಕಡೆಯವಳು ನಿಂತಿದ್ದಳು. ಅಣೆಕಟ್ಟಿಗೆ ಊರು ಬಿಟ್ಟು ಬಂದ ಜೋಯಿಡಾದ ಕೊಂಕಣಿ ಹೆಂಗಸು, ಎರಡನೆಯ ಮಾಳಿಗೆಯಲ್ಲಿ ಅಂಟು ಹಚ್ಚುವವಳು. ಗಂಟೆ ಬಾರಿಸುವ ಮೊದಲೇ ಸ್ಟೌ ಉರುಳಿದ್ದನ್ನು ಕಂಡು ಎಲ್ಲರಿಗಿಂತ ಮುಂದೆ ಹತ್ತಿ ಬಂದಿದ್ದಳು. ಮೈಮೇಲೆ ಲಂಗ, ರವಿಕೆ. ಸೀರೆ ಗೋಡೆಯ ಆಚೆಗೆ ಇಳಿದಿತ್ತು, ಅದರ ಈ ತುದಿ ಅವಳ ಎರಡು ಕೈಯಲ್ಲಿ. ಗೋಡೆಯಿಂದ ಬಗ್ಗಿ ನೋಡಿದೆ. ಕೆಳತುದಿಯಲ್ಲಿ ಕೂಸನ್ನು ಕಟ್ಟಿ ಇಳಿಬಿಟ್ಟಿದ್ದಳು. ಸೀರೆ ಎರಡನೆಯ ಮಾಳಿಗೆಯ ಕಿಟಕಿಯ ಮಟ್ಟಕ್ಕೆ ಮುಗಿದಿತ್ತು. ಆ ಕಿಟಕಿಯಿಂದ ಹೊಗೆ ಬರುತ್ತಿತ್ತು. ಅದರ ಕೆಳಗೆ ಇನ್ನೂ ಎರಡು ಮಾಳಿಗೆಯಷ್ಟು ಬಯಲು.

ಕೂಗಲಿಲ್ಲ. ಕೂಗಿದ್ದರೆ ಅವಳು ಬೆಚ್ಚಿ ಕೈ ಬಿಡುತ್ತಿದ್ದಳು. ಜೊತೆಯವಳು ಅವಳ ಹಿಂದಿನಿಂದ ಹೋಗಿ, ತಬ್ಬಿಕೊಂಡಂತೆ ಎರಡೂ ಕೈ ಮುಂದೆ ಹಾಕಿ ಸೀರೆ ಹಿಡಿದಳು. ನಾನು ಪಕ್ಕದಿಂದ ಹಿಡಿದೆ. ಮೂವರೂ ಸೇರಿ, ಬಾವಿಯಿಂದ ತುಂಬಿದ ಕೊಡ ಸೇದುವಂತೆ, ಗೋಡೆಗೆ ತಾಗದ ಹಾಗೆ ಮೆಲ್ಲಗೆ ಎಳೆದೆವು. ಗಂಟು ಕಂಕುಳ ಕೆಳಗೆ ಸರಿಯಾಗಿಯೇ ಬಿದ್ದಿತ್ತು. ಕೂಸು ಮಸಿ ಹಿಡಿದು, ಕೆಮ್ಮಿ, ಆಮೇಲೆ ಅತ್ತಿತು. ಅತ್ತದ್ದು ಒಳ್ಳೆಯದಾಯಿತು.

"ಹೊಗಿ ಬಂತು. ದಾರಿ ಇಲ್ಲ ಅಂತ ತಿಳ್ಕೊಂಡೆ" ಎಂದಳು ಅವಳು.

"ನಾ ಅಲ್ಲೇ ಇದ್ನಲ್ಲಬೇ! ನನ್ನ ಕೈಯಾಗ ಕೊಡಬೇಕಿಲ್ಲ?"

"ನೀವು ನಿಮ್ಮ ಕೂಸಿನ ಕಡೆ ತಿರುಗಿದ್ರಿ."

ನಾನು ಬಗ್ಗಿ ಕೂಸಿನ ಸುತ್ತಲಿನ ಸೀರೆಯ ಗಂಟು ಬಿಚ್ಚಿದೆ.

ನಾವು ಇಳಿಯುವ ಹೊತ್ತಿಗೆ ಗಂಡಸರು ಮರಳು ಸುರಿದು ಬೆಂಕಿ ಆರಿಸಿದ್ದರು. ಸುಟ್ಟದ್ದು ಒಂದು ಮೂಲೆ, ಎರಡು ಮೇಜು. ಕೆಳಗೆ ಗೇಟಿನ ಹತ್ತಿರ ಹತ್ತು ಕೂಸುಗಳನ್ನು ಹಿಡಿದು ಹೆಂಗಸರು ಮಣ್ಣಿನಲ್ಲೇ ಕೂತಿದ್ದರು. ಮಣಿಕಟ್ಟು ಮುರಿದವಳನ್ನು ಟೆಂಪೋದಲ್ಲಿ ದವಾಖಾನೆಗೆ ಕಳಿಸಿದರು. ಮಗಳು ಕೂಸನ್ನು ಎದೆಗೆ ಹಚ್ಚಿಕೊಂಡು ನನ್ನನ್ನು ನೋಡಿ ಮುಖ ತಿರುಗಿಸಿದಳು. ಅವಳ ಎದೆಯ ಮೇಲೆ ನನ್ನ ಕಾಲಿನ ಮಸಿ ಇತ್ತು.

ಸೂಪರ್‌ವೈಸರ್ ಪೆಟ್ಟಿಗೆ ತೆರೆದು ನೋಡಿದ. "ಎಲ್ಲಾ ಬರೋಬ್ಬರಿ ಬಾರಿಸೇತಿ. ನಿಮಗ ಕೆಳಗ ಇಳೀರಿ ಅಂದ್ರ ಮ್ಯಾಲ ಯಾಕ ಹತ್ತಿದ್ರಿ? ದನಾ ಏನು ನೀವು?"

ನನ್ನ ಜೊತೆಯವಳು, "ದನಾನೂ ಕರು ಬಿಟ್ಟು ಬರೂದಿಲ್ರಿ ಸಾಹೇಬ್ರ" ಎಂದಳು.

"ಬಾಯಿ ಭಾಳ ಆತು ನಿಂದು. ನಾಳೆ ಎಲ್ಲಾರೂ ಟಾಯಮಿಗೆ ಬರ್ರಿ. ಕೂಸಿನ ಖೋಲಿ ಇದ್ದಲ್ಲೇ ಇರ್ತೈತಿ. ಮಾಲೀಕ್ರು ಬಂದ ಮ್ಯಾಲ ನೋಡೂಣು."

ಆಗ ನಾನು ಎಲ್ಲರ ಮುಂದೆ ಹೇಳಿದೆ. ತಾಲೀಮಿಗೆ ಕೂಸಿನ ಬದಲು ನೋಟ್‌ಬುಕ್ ಹೊತ್ತದ್ದು ನನ್ನ ಬುದ್ಧಿ ಎಂದು, ಕೂಸು ಮೇಲಿದ್ದರೆ ತಾಯಂದಿರು ಇಳಿಯುವುದಿಲ್ಲ ಎಂದು ಅವತ್ತೇ ತಿಳಿದಿತ್ತು ಎಂದು, ಹೇಳದೆ ಬಿಟ್ಟೆ ಎಂದು, ಫಿಟ್ಟರನದು ತಪ್ಪಿಲ್ಲ ಎಂದು. ಸೂಪರ್‌ವೈಸರ್ ನನ್ನನ್ನು ಮೇಲಿಂದ ಕೆಳಗೆ ನೋಡಿ ಒಳಗೆ ಹೋದ. ಹೆಂಗಸರಲ್ಲಿ ಇಬ್ಬರು ನನ್ನ ಮುಂದೆ ಉಗುಳಿದರು. ಉಗುಳಲಿ.

ಮನೆಗೆ ಹೋಗುವಾಗ ದಾರಿಯಲ್ಲಿ ಮಗಳು ಮೊದಲ ಸಲ ಬಾಯಿ ಬಿಟ್ಟಳು. "ಉಳವಿಗೆ ಹರಕಿ ಹೊತ್ತೇನಿ. ಹೋಗಿ ತೀರಿಸಿ ಬರೂಣು."

"ಹೋಗೂಣು. ಆದ್ರ ನಾಳೆ ಅಲ್ಲ" ಎಂದೆ.

ಮಾರನೆಯ ಬೆಳಿಗ್ಗೆ ಬೆಳಕು ಹರಿಯುವಾಗಲೇ ಗೇಟಿಗೆ ಹೋದೆ. ನನ್ನ ಜೊತೆಯವಳು ಬಂದು ನಿಂತಿದ್ದಳು, ನಾವು ಮಾತಾಡಿಕೊಂಡಿರಲಿಲ್ಲ. ಕಾವಲುಗಾರ ಬೀಗ ತೆಗೆದ. ಇಬ್ಬರೂ ಮೂರನೆಯ ಮಾಳಿಗೆಗೆ ಹತ್ತಿ ಹನ್ನೊಂದು ಸೀರೆಗಳನ್ನು ತೊಲೆಯಿಂದ ಬಿಚ್ಚಿದೆವು. ಹಗ್ಗ, ಕೌದಿ, ಹಾಲಿನ ಪಾತ್ರೆ, ಒಣಗಲು ಹಾಕಿದ್ದ ಬಟ್ಟೆ, ಎಲ್ಲ ಇಳಿಸಿದೆವು. ಗೇಟಿನ ಪಕ್ಕದಲ್ಲಿ ಸೈಕಲ್ ನಿಲ್ಲಿಸುವ ತಗಡಿನ ಚಪ್ಪರ ಇತ್ತು, ಕಬ್ಬಿಣದ ಗಟ್ಟಿ ಅಡ್ಡಪಟ್ಟಿ. ನೆಲ ಗುಡಿಸಿ, ನೀರು ಹಾಕಿ, ಅಲ್ಲೇ ಹನ್ನೊಂದನ್ನೂ ಕಟ್ಟಿದೆವು. ಒಂದೊಂದಕ್ಕೂ ನಾನು ಜೋತುಬಿದ್ದು ಭಾರ ನೋಡಿದೆ. ತಾಯಂದಿರು ಬರುತ್ತ ಬರುತ್ತ ಕೂಸುಗಳನ್ನು ಹಾಕಿ ಹೋದರು. ಉಗುಳಿದವರೂ ಹಾಕಿದರು. ಸೂಪಾ ಕಡೆಯವಳು ತನ್ನದನ್ನು ನನ್ನ ಕೈಗೆ ಕೊಡಲಿಲ್ಲ, ಜೊತೆಯವಳ ಕೈಗೆ ಕೊಟ್ಟಳು.

ಎಂಟು ಗಂಟೆಗೆ ಸೂಪರ್‌ವೈಸರ್ ಸೈಕಲ್ ತಳ್ಳಿಕೊಂಡು ಬಂದು ಚಪ್ಪರದ ಮುಂದೆ ನಿಂತ.

"ಇದೇನಿದು? ಯಾರ್ನ ಕೇಳಿ ಕಟ್ಟೀ?"

"ಕೂಸು ಮಕ್ಕೊಂಡಾವ" ಎಂದೆ. "ಸೈಕಲ್ ಆ ಕಡೆ ಗ್ವಾಡಿಗೆ ಹಚ್ರಿ."